ಬಂಡಾಯದ ಎದುರು ದಂಡಿನ ಬುದ್ಧಿ

ದಂಡು ಕಟ್ಟುವುದು ಇನ್ನೊಂದು ದಂಡನ್ನು ಎದುರಿಸುವುದಕ್ಕೆ. ಕೋಟೆ ಮುತ್ತುವುದು, ತೋಪು ಎಳೆಯುವುದು, ಗಡಿ ಕಾಯುವುದು ಅದರ ಕಸುಬು. ಬಂಡಾಯಗಾರನಿಗೆ ಕಾಯಬೇಕಾದ ಕೋಟೆ ಇರುವುದಿಲ್ಲ. ಇದ್ದರೂ ಅದನ್ನು ಬಿಟ್ಟು ಹೋಗಲು ಅವನಿಗೆ ನಾಚಿಕೆಯಿಲ್ಲ. ಅವನ ಬೆನ್ನು ಹತ್ತಿದ ಸೈನ್ಯ ಮೊದಲಿಗೆ ತನಗೆ ಗೊತ್ತಿರುವ ಕೆಲಸವನ್ನೇ ಇನ್ನಷ್ಟು ಜೋರಾಗಿ ಮಾಡುತ್ತದೆ. ಹೆಚ್ಚು ತೋಪು ತರುತ್ತದೆ, ಹೆಚ್ಚು ಜನರನ್ನು ಕೂಡಿಸುತ್ತದೆ, ದಾರಿಯಲ್ಲಿ ಸಿಕ್ಕ ಹಳ್ಳಿಗೆ ಬೆಂಕಿ ಇಡುತ್ತದೆ. ಅದರಿಂದ ಏನೂ ಆಗಲಿಲ್ಲವೆಂದು ಗೊತ್ತಾದ ಮೇಲಷ್ಟೇ ಸುಧಾರಕನ ಮಾತಿಗೆ ಕಿವಿ ಸಿಗುತ್ತದೆ. ಕಿವಿ ಸಿಕ್ಕರೂ ಕೆಲಸ ಮುಗಿಯದು. ಸಿಪಾಯಿ ಏನು ಹೊರುತ್ತಾನೆ, ಏನು ಉಣ್ಣುತ್ತಾನೆ, ಧಾನ್ಯಕ್ಕೆ ಹಣ ಕೊಡುತ್ತಾನೋ ಇಲ್ಲವೋ, ಯಾವ ಅಧಿಕಾರಿಗೆ ಬಡ್ತಿ ಸಿಗುತ್ತದೆ ಎಂಬ ದಿನನಿತ್ಯದ ಸಂಗತಿಗಳು ಬದಲಾದಾಗ ಮಾತ್ರ ಸೈನ್ಯದ ಬುದ್ಧಿ ಬದಲಾಯಿತೆಂದು ಹೇಳಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಹೀಗೆ ಬದಲಾಯಿಸಿದವರಲ್ಲಿ ಹೆಚ್ಚಿನವರು ಕತ್ತಿಗಿಂತ ಉಗ್ರಾಣದ ಲೆಕ್ಕ ಬಲ್ಲವರಾಗಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಈ ಪಾಠದ ಮೊದಲ ಅಧ್ಯಾಯ ಒಂದು ಸೋಲು. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಅರಕೆರೆಯ ಬಳಿ ಕಾದಾಟ ಗೆದ್ದೂ, ಬರಿಗೈಯಲ್ಲಿ ಹಿಂದಿರುಗಿದ. ಟಿಪ್ಪುವಿನ ಹಗುರ ಸವಾರರು ಸುತ್ತಲ ಮೇವು ಮತ್ತು ದವಸವನ್ನು ಇಲ್ಲವಾಗಿಸಿದ್ದರು. ಕಂಪನಿಯ ಎತ್ತುಗಳು ಸತ್ತವು. ಎಳೆಯುವವರಿಲ್ಲದ ಭಾರೀ ತೋಪುಗಳನ್ನು ಅವನೇ ಒಡೆಸಿ ಹಾಕಬೇಕಾಯಿತು. ಬೆಂಗಳೂರಿಗೆ ಮರಳುವಾಗ ಇಂದಿನ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ ಅವನ ವಶವಾಯಿತು. ಅದೇ ವರ್ಷದ ಕೊನೆಯಲ್ಲಿ ಹುತ್ರಿದುರ್ಗವೂ ಬಿತ್ತು. ಮರುವರ್ಷ ಅವನು ಗೆದ್ದದ್ದಕ್ಕೆ ಈ ದುರ್ಗಗಳು ಒಂದು ಕಾರಣ. ದಾರಿ ಕಾಯುವ ಠಾಣೆಗಳು ಹಿಂದೆ ಇದ್ದವು, ಹೇರೆತ್ತುಗಳ ಮೇಲೆ ಧಾನ್ಯ ಹೊತ್ತು ತರುವ ಲಂಬಾಣಿ ವ್ಯಾಪಾರಿಗಳ ತಾಂಡಾಗಳು ಜೊತೆಗಿದ್ದವು. ಆದರೂ ಇದು ರಾಜ ರಾಜರ ನಡುವಿನ ಯುದ್ಧ. ಅದೇ ಲೆಕ್ಕವನ್ನು ಬಂಡಾಯಕ್ಕೆ ಅನ್ವಯಿಸಿದವನು ಬೇರೊಬ್ಬ.

ಲೆಕ್ಕಕ್ಕೆ ಬೇಕಾದ ಸಾಧನ ಮೈಸೂರಿನಲ್ಲೇ ಸಿದ್ಧವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲುಬೆಣ್ಣೆಗಾಗಿ ಏರ್ಪಟ್ಟ ಬೆಣ್ಣೆ ಚಾವಡಿಯನ್ನು ಹೈದರಾಲಿ ಸೈನ್ಯದ ಸಾಗಣೆಗೆ ತಿರುಗಿಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟು, ಹೋರಿಯ ಆಯ್ಕೆಯಿಂದ ಕರುವಿನ ಎಣಿಕೆಯವರೆಗೆ ನಿಯಮ ವಿಧಿಸಿ ಹುಕುಂನಾಮೆ ಹೊರಡಿಸಿದ. ದನಗಳ ಮೇವಿಗೆ ಕಾವಲುಗಳನ್ನು ಮೀಸಲಿಟ್ಟರು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಇನ್ನೊಂದು, ಚಳಿಗೆ ಮತ್ತೊಂದು. ಇಂದಿನ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಈ ಹುಲ್ಲುಗಾವಲುಗಳ ನೆನಪು ಊರಿನ ಹೆಸರುಗಳಲ್ಲಿ ಉಳಿದಿದೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ತಳಿ ಸಂವರ್ಧನೆಯೂ ಉಳಿದಿದೆ. ಅಮೃತಮಹಲ್ ಎತ್ತು ದಪ್ಪವಲ್ಲ, ಸಾಧುವೂ ಅಲ್ಲ. ಆದರೆ ಮೇವು ಕಡಿಮೆ ಇದ್ದರೂ ತೋಪಿನ ಬಂಡಿಯನ್ನು ಕಾಲಾಳಿನ ನಡಿಗೆಗೆ ಸಮನಾಗಿ ಎಳೆಯಬಲ್ಲದು. ಹೈದರನ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಇವುಗಳ ಬಲದಿಂದ. ಕುದುರೆಗೆ ಕುಣಿಗಲ್ಲಿನ ಸ್ಟಡ್ ಫಾರ್ಮ್ ಹೇಗೋ ತೋಪಿಗೆ ಈ ಕಾವಲುಗಳು ಹಾಗೆ. ಕುಣಿಗಲ್ಲಿನಲ್ಲಿ ಟಿಪ್ಪುವಿನ ಅಶ್ವದಳಕ್ಕೆಂದು ಶುರುವಾದ ಕುದುರೆ ಸಾಕಣೆ ಇತ್ತೀಚಿನ ದಶಕಗಳಲ್ಲಿ ರೇಸ್‌ಕೋರ್ಸಿಗೆ ಕುದುರೆ ಒದಗಿಸಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ದಿನ ಅಲ್ಲಿನ ಸೆರೆಯಿಂದ ಹೊರಬಂದವರಲ್ಲಿ ಧೋಂಡಿಯಾ ವಾಘ್ ಒಬ್ಬ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ, ಹೈದರನ ಸವಾರನಾಗಿದ್ದವನು, ಮುಂದೆ ಧಾರವಾಡದ ಕಡೆ ಸ್ವತಂತ್ರವಾಗಿ ಸುಲಿಗೆ ನಡೆಸಿ, ಟಿಪ್ಪುವಿನ ಕೈಗೆ ಸಿಕ್ಕಿ ಬಂಧಿಯಾಗಿದ್ದವನು. ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರು ಅವನ ಸುತ್ತ ನೆರೆದರು. ಬಿದನೂರು ಸೀಮೆಯಲ್ಲಿ ಅವನು ಎದ್ದಾಗ ಕಂಪನಿಯ ಎರಡು ತುಕಡಿಗಳು ಅಟ್ಟಿದವು; ಅವನು ಗಡಿ ದಾಟಿ ಮರಾಠರ ಸೀಮೆಗೆ ಹೋದ. ಮರುವರ್ಷ ಇನ್ನೂ ದೊಡ್ಡ ಪಡೆಯೊಂದಿಗೆ ಬಂದ, ಉಭಯ ಲೋಕಾಧೀಶ್ವರ ಎಂಬ ಬಿರುದನ್ನೂ ಧರಿಸಿದ. ಕಂಪನಿಯ ಕಾಗದಗಳು ಅವನನ್ನು ದರೋಡೆಕೋರ ಎಂದೇ ಕರೆಯುತ್ತವೆ. ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಮಾತ್ರ, ಅಡ್ಡಿಯಾಗದೇ ಹೋಗಿದ್ದರೆ ಈತ ಹೊಸ ರಾಜವಂಶವನ್ನೇ ಕಟ್ಟುತ್ತಿದ್ದನೆಂದು ಅರ್ಧ ತಮಾಷೆಯಾಗಿ ಬರೆದ. ಹೈದರಾಲಿಯ ಆರಂಭವನ್ನು ನೆನೆದರೆ ಆ ಮಾತಿನಲ್ಲಿ ತಮಾಷೆಯ ಪಾಲು ಕಡಿಮೆಯೇ.

ಮೈಸೂರಿನಲ್ಲಿದ್ದ ಕಂಪನಿ ಸೈನ್ಯದ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಆಗ ಮೂವತ್ತೊಂದರ ಕರ್ನಲ್. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು. ಅವನ ಹೊಸತನ ಧೈರ್ಯದಲ್ಲಿರಲಿಲ್ಲ, ಧೈರ್ಯಶಾಲಿಗಳು ಬೇಕಾದಷ್ಟು ಮಂದಿ ಇದ್ದರು. ಅಕ್ಕಿಯೂ ಎತ್ತೂ ಇದ್ದರೆ ಜನ ಇದ್ದಂತೆ, ಜನ ಇದ್ದರೆ ಶತ್ರುವನ್ನು ಹೊಡೆಯುವುದು ಕಷ್ಟವಲ್ಲ ಎಂಬುದು ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ವಿಚಾರ. ಬೆನ್ನಟ್ಟುವ ಸೈನ್ಯ ಊಟಕ್ಕಾಗಿ ನಿಂತರೆ ಓಡುವವನು ಗೆದ್ದ. ಊಟವನ್ನು ಹಳ್ಳಿಯಿಂದ ಕಸಿದುಕೊಂಡರೆ ಆ ಹಳ್ಳಿ ಓಡುವವನ ಕಡೆಯಾಯಿತು. ಆದ್ದರಿಂದ ಧಾನ್ಯಕ್ಕೆ ಹಣ ಕೊಡಬೇಕು, ಲಂಬಾಣಿಗಳ ಜೊತೆ ಮೊದಲೇ ಮಾತಾಗಿರಬೇಕು, ಲೂಟಿ ಮಾಡಿದ ಸಿಪಾಯಿಗೆ ಶಿಕ್ಷೆಯಾಗಬೇಕು, ತೋಪಿನ ಬಂಡಿಗಳಿಗೆ ಅಮೃತಮಹಲ್ ಎತ್ತು ಬೇಕು. ಇದೇ ವರ್ಷ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ದೊಡ್ಡ ಸಂತೆಯನ್ನು ವರ್ಣಿಸಿದ್ದಾನೆ. ಒಂದು ವರ್ಷದ ಹಿಂದಷ್ಟೇ ರಾಜ್ಯ ಉರುಳಿದ ನಾಡಿನಲ್ಲಿ ಅಡಿಕೆ, ದವಸ, ಬಟ್ಟೆಯ ವಹಿವಾಟು ನಡೆಯುತ್ತಿತ್ತು ಎಂಬುದು ವೆಲ್ಲೆಸ್ಲಿಯ ಲೆಕ್ಕಕ್ಕೆ ಆಧಾರ. ಪೇಟೆ ತೆರೆದಿದ್ದರೆ ದಂಡಿಗೆ ಕಸಿಯುವ ಅಗತ್ಯ ಬೀಳುವುದಿಲ್ಲ.

1800ರ ಜೂನ್ ಕೊನೆಯಲ್ಲಿ ಅವನು ಹರಿಹರದ ಬಳಿ ತುಂಗಭದ್ರೆ ದಾಟಿದ. ಮುಂಗಾರಿನಲ್ಲಿ ಯಾರೂ ದಂಡೆತ್ತಿ ಹೋಗಬಾರದೆಂಬುದು ರೂಢಿ. ತುಂಬಿದ ಹೊಳೆ ತನಗಿಂತ ಎದುರಾಳಿಗೆ ಹೆಚ್ಚು ಅಡ್ಡಿ ಎಂದು ಅವನು ಎಣಿಸಿದ. ತನ್ನ ಬಳಿ ಹರಿಗೋಲುಗಳಿವೆ, ಅವನ ಬಳಿ ಇಲ್ಲ. ರಾಣೆಬೆನ್ನೂರು, ಕುಂದಗೋಳ, ಡಂಬಳ ಒಂದೊಂದಾಗಿ ಬಿದ್ದವು. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯ ಬಳಿ ಧೋಂಡಿಯನ ಸಾಮಾನು ಸರಂಜಾಮಿನ ಬೀಡು ಸಿಕ್ಕಿ ನಾಶವಾಯಿತು. ಕರ್ನಲ್ ಸ್ಟೀವನ್‌ಸನ್ನನ ತುಕಡಿ ಒಂದು ಕಡೆ, ನಿಜಾಮನ ಪಡೆ ಇನ್ನೊಂದು ಕಡೆ, ದಿವಾನ್ ಪೂರ್ಣಯ್ಯ ಕಳಿಸಿದ ಮೈಸೂರು ಸಿಲೇದಾರ್ ಸವಾರರು ಜೊತೆಗೆ. ಸೆಪ್ಟೆಂಬರ್ 10ರಂದು ರಾಯಚೂರು ದೋಆಬಿನ ಕೋನಗಲ್ಲಿನಲ್ಲಿ ವೆಲ್ಲೆಸ್ಲಿ ನಾಲ್ಕೇ ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಗಿ, ಸುಮಾರು ಐದು ಸಾವಿರ ಸವಾರರ ಮೇಲೆ ಬಿದ್ದ. ಧೋಂಡಿಯ ಅಲ್ಲೇ ಸತ್ತ. ಅವನ ಮಗ ಸಲಾಬತ್ ಖಾನನೆಂಬ ಬಾಲಕ ಸಾಮಾನುಗಳ ನಡುವೆ ಸಿಕ್ಕಿದ. ಅವನ ಪಾಲನೆಗೆ ವೆಲ್ಲೆಸ್ಲಿ ಹಣ ಇಟ್ಟುಹೋದ.

ಈ ಕಥೆಯನ್ನು ಸಾತ್ವಿಕ ಯುದ್ಧವೆಂದು ಓದಬಾರದು. ರಾಣೆಬೆನ್ನೂರಿನ ಕೋಟೆಯೊಳಗಿದ್ದವರಿಗೆ ಕ್ಷಮೆ ಸಿಗಲಿಲ್ಲ. ಸಿಕ್ಕಿದ ಕೂಡಲೇ ಧೋಂಡಿಯನನ್ನು ಮರಕ್ಕೆ ನೇತುಹಾಕಬೇಕೆಂದು ಮದರಾಸಿನ ಆಜ್ಞೆ ಇತ್ತು. ಆದರೆ ಹಣಕ್ಕಾಗಿ ಅವನನ್ನು ಗುಟ್ಟಾಗಿ ಕೊಲ್ಲಿಸಲು ಒಬ್ಬ ಮುಂದೆ ಬಂದಾಗ ವೆಲ್ಲೆಸ್ಲಿ ಒಪ್ಪಲಿಲ್ಲ. ಬಹಿರಂಗವಾಗಿ ತಲೆಗೆ ಬೆಲೆ ಕಟ್ಟಿ ಸಾರುವುದು ಬೇರೆ, ಮರೆಯಲ್ಲಿ ಕೊಲೆಯ ವ್ಯಾಪಾರ ಕುದುರಿಸುವುದು ಬೇರೆ, ಸೈನ್ಯದ ಮುಂದೆ ನಿಂತ ಅಧಿಕಾರಿಗೆ ಎರಡನೆಯದು ಸಲ್ಲದು ಎಂಬುದು ಅವನ ನಿಲುವು. ಅಲ್ಲಿಂದ ಎರಡು ವರ್ಷ ಕಳೆಯುವುದರೊಳಗೆ, 1802ರ ಜನವರಿಯಲ್ಲಿ, ಬಲಂ ಸೀಮೆಯ ಪಾಳೆಗಾರ ಕೃಷ್ಣಪ್ಪ ನಾಯಕನ ಮೇಲೆ ಹೋದಾಗಲೂ ಅವನು ಅಲ್ಲಿನ ಅರಕೆರೆಯ (ಶ್ರೀರಂಗಪಟ್ಟಣದ ಬಳಿಯದಲ್ಲ) ಕಾಡುಕೋಟೆ ಹಿಡಿದು ಸುಮ್ಮನಾಗಲಿಲ್ಲ. ಕಾಡು ಕಡಿಸಿ ದಾರಿ ಮಾಡಿಸಿದ. ನಾಯಕನನ್ನು ಗಲ್ಲಿಗೇರಿಸಲಾಯಿತು.

ಕಲಿತದ್ದನ್ನು ಇಲಾಖೆಗಳು ಎಷ್ಟು ಬೇಗ ಮರೆಯುತ್ತವೆ ಎಂಬುದಕ್ಕೆ ಅಮೃತಮಹಲ್ಲೇ ಸಾಕ್ಷಿ. 1799ರ ನಂತರ ನೋಡಿಕೊಳ್ಳುವವರಿಲ್ಲದೆ ತಳಿ ಕೆಟ್ಟಿತು. 1813ರಲ್ಲಿ ಮದರಾಸು ಕಮಿಸರಿಯೇಟಿನ ಕ್ಯಾಪ್ಟನ್ ಹಾರ್ವೆಯ ಕೈಗೆ ಬಂದ ಮೇಲೆ ಚೇತರಿಸಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಸಿದ. ಉಳಿತಾಯ ಎಷ್ಟಾಯಿತೋ, 1866ರಲ್ಲಿ ಮತ್ತೆ ತೆರೆಯಬೇಕಾಯಿತು. ಇದಕ್ಕೆ ಬಹಳ ಮೊದಲೇ ಸ್ಪೇನಿನಲ್ಲಿ ವೆಲಿಂಗ್ಟನ್ ಮೈಸೂರಿನ ಎತ್ತುಗಳಿಗಾಗಿ ಪರಿತಪಿಸಿದ್ದ. ಅಲ್ಲಿ ಅವನ ಪಾತ್ರ ತಿರುಗುಮುರುಗಾಗಿತ್ತು. ಊರೂರು ಸುಲಿದು ಉಣ್ಣುತ್ತಿದ್ದ ನೆಪೋಲಿಯನ್ನನ ಸೈನ್ಯವೇ ತನ್ನ ವಿರುದ್ಧ ಬಂಡಾಯಗಾರರನ್ನು ಸೃಷ್ಟಿಸುತ್ತಿತ್ತು. ಹಣ ಕೊಟ್ಟು ಉಣ್ಣುತ್ತಿದ್ದ ವೆಲಿಂಗ್ಟನ್ ಆ ಬಂಡಾಯಗಾರರ ಮಿತ್ರನಾಗಿದ್ದ.

ವೆಲ್ಲೆಸ್ಲಿಯ ಲೆಕ್ಕದಲ್ಲಿ ಒಂದು ಅಂಕ ಬಿಟ್ಟುಹೋಗಿತ್ತು. ಜನ ಯಾಕೆ ಏಳುತ್ತಾರೆ ಎಂಬ ಪ್ರಶ್ನೆ ಧೋಂಡಿಯನ ಪ್ರಕರಣದಲ್ಲಿ ಅವನಿಗೆ ಎದುರಾಗಲಿಲ್ಲ. ಅದು ಕಂಪನಿಗೆ ಎದುರಾದದ್ದು 1830ರ ನಗರ (ಹಳೆಯ ಬಿದನೂರು) ಬಂಡಾಯದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಶರ್ತಿ ಎಂಬ ಪದ್ಧತಿ ಬಂದಿತ್ತು. ಇಷ್ಟು ಕಂದಾಯ ತಂದೇ ತರುತ್ತೇನೆಂದು ಅಮಲ್ದಾರ ಶರತ್ತಿಗೆ ಒಪ್ಪುತ್ತಿದ್ದ. ಕಡಿಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಹೀಗೆ ಒಪ್ಪಿದವನು ರೈತನನ್ನು ಹಿಂಡದೆ ಇನ್ನೇನು ಮಾಡಿಯಾನು? ರೈತರು ಕೂಟ ಸೇರಿದರು, ಕಂದಾಯ ನಿಲ್ಲಿಸಿದರು. ಬೂದಿ ಬಸವಪ್ಪ ತಾನು ನಗರದ ಅರಸುಮನೆತನದವನೆಂದು ಹಕ್ಕು ಸಾಧಿಸಿ ಮುಂದಾಳಾದ. ತರೀಕೆರೆಯ ಪಾಳೆಗಾರ ಸರ್ಜಾ ಹನುಮಪ್ಪ ನಾಯಕನೂ ಸೇರಿಕೊಂಡ. ಮೈಸೂರಿನ ಪಡೆಯಿಂದ ಅಡಗದೆ ಹೋದಾಗ ಕಂಪನಿಯ ಪಡೆ ಬಂದು 1831ರಲ್ಲಿ ನಗರವನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನೇ ವಹಿಸಿಕೊಂಡ.

ಬಳಿಕ ನಡೆದದ್ದು ಸೈನಿಕ ಚರಿತ್ರೆಯಲ್ಲಿ ವಿರಳ. ಬಂಡಾಯಕ್ಕೆ ಕಾರಣವೇನೆಂದು ಹುಡುಕಲು ಸಮಿತಿಯೊಂದನ್ನು ನೇಮಿಸಲಾಯಿತು. ಅದರ ನಾಲ್ವರಲ್ಲಿ ಮೂವರು ಸೇನಾಧಿಕಾರಿಗಳು. ಮೇಜರ್ ಜನರಲ್ ಹಾಕರ್, ಕರ್ನಲ್ ಮಾರಿಸನ್, ಮ್ಯಾಕ್ಲಿಯಡ್ ಮತ್ತು ಮಾರ್ಕ್ ಕಬ್ಬನ್ 1833ರ ಡಿಸೆಂಬರಿನಲ್ಲಿ ಕೊಟ್ಟ ವರದಿ ಬೊಟ್ಟು ಮಾಡಿದ್ದು ದುರಾಡಳಿತದ ಕಡೆಗೆ, ಕಂದಾಯ ವಸೂಲಿಯ ಕಡೆಗೆ. ಕಂಪನಿಗೆ ಈ ವರದಿ ಅನುಕೂಲಕರವೂ ಆಗಿತ್ತು, ರಾಜನನ್ನು ಬದಿಗೆ ಸರಿಸಿದ್ದಕ್ಕೆ ಅದು ಸಮರ್ಥನೆಯಾಯಿತು. ಅದನ್ನು ಒಪ್ಪಿಕೊಂಡೇ ಹೇಳಬೇಕಾದ್ದೆಂದರೆ, ಮುಂದಿನ ಕೆಲಸ ವರದಿಯ ದಾರಿಯಲ್ಲೇ ನಡೆಯಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಕಬ್ಬನ್ ಶರ್ತಿಯನ್ನು ತೆಗೆದ. 769 ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದ. ಸೇನೆಯಲ್ಲಿ ಅವನ ಅನುಭವ ಕಮಿಸರಿಯೇಟಿನದು, ಎತ್ತು ಮತ್ತು ದವಸದ್ದು. ಹಳ್ಳಿಯಲ್ಲಿ ಧಾನ್ಯ ಎಲ್ಲಿಂದ ಬರುತ್ತದೆ, ಯಾರ ಕೈಯಲ್ಲಿ ಸೋರಿಹೋಗುತ್ತದೆ ಎಂದು ಅಂಥವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ತುಮಕೂರು ಊರಾಗಿ ಬೆಳೆದದ್ದು ಈ ಬದಲಾವಣೆಯ ಫಲವೇ. ರಾಜ್ಯವನ್ನು ನಾಲ್ಕು ವಿಭಾಗ ಮಾಡಿದಾಗ ಚಿತ್ರದುರ್ಗ ವಿಭಾಗದ ಕೇಂದ್ರ ತುಮಕೂರಿನಲ್ಲಿ ನೆಲೆಗೊಂಡಿತು. ಅದರ ಸೂಪರಿಂಟೆಂಡೆಂಟ್ ಮದರಾಸು ಸೈನ್ಯದಿಂದ ಬಂದ ರಿಚರ್ಡ್ ಸ್ಟೀವರ್ಟ್ ಡಾಬ್ಸ್. ಹೆದ್ದಾರಿಯ ಮೇಲಿನ ಡಾಬಸ್‌ಪೇಟೆಗೆ ಇವನದೇ ಹೆಸರು. ಚಿತ್ರದುರ್ಗ, ನಿಡುಗಲ್ಲು, ಮಧುಗಿರಿಗಳ ಹಳೆಯ ಪಾಳೆಯಪಟ್ಟುಗಳಿದ್ದ ಈ ಸೀಮೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನು ಮಾಡಿದ್ದು ಕಚೇರಿಯ ಕೆಲಸ, ರಸ್ತೆಯ ಕೆಲಸ. ಮದರಾಸಿನ ಸೈನ್ಯ ಈ ಅಧಿಕಾರಿಗಳಿಂದ ಏನಾದರೂ ಕಲಿಯಿತೇ ಎಂದರೆ ಉತ್ತರ ನಿರಾಶಾದಾಯಕ. ಅವರು ಸೈನ್ಯ ಬಿಟ್ಟು ಆಡಳಿತಕ್ಕೆ ಬಂದರು. ಅವರ ತಿಳಿವಳಿಕೆಯೂ ಅವರ ಜೊತೆ ಆಡಳಿತಕ್ಕೇ ಬಂದುಬಿಟ್ಟಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಗೆ ಪಠ್ಯಪುಸ್ತಕಗಳು ಬಂದವು. ಮಲಯಾದಲ್ಲಿ ಬ್ರಿಟಿಷರ 1950ರ ಬ್ರಿಗ್ಸ್ ಯೋಜನೆ ಕಾಡಂಚಿನ ನಾಲ್ಕು ಲಕ್ಷಕ್ಕೂ ಹೆಚ್ಚು ಚೀನೀ ಮೂಲದವರನ್ನು ಹೊಸ ಹಳ್ಳಿಗಳಿಗೆ ಸಾಗಿಸಿತು. 1952ರಲ್ಲಿ ಹೈಕಮಿಷನರ್ ಆಗಿ ಬಂದ ಟೆಂಪ್ಲರ್ ಅದರ ಜೊತೆಗೆ ಪೌರತ್ವ ಮತ್ತು ಸ್ವಾತಂತ್ರ್ಯದ ಭರವಸೆ ಸೇರಿಸಿದ. ಭಾರತೀಯ ಸೇನೆ ನಾಗಾ ಗುಡ್ಡಗಳಿಗೆ ಇಳಿದದ್ದು ಅದೇ ದಶಕದಲ್ಲಿ. ಆಗಿನ ಸೇನಾ ಮುಖ್ಯಸ್ಥ ಎಸ್.ಎಂ. ಶ್ರೀನಾಗೇಶ್, ಮುಂದೆ 1964ರಲ್ಲಿ ಮೈಸೂರಿನ ರಾಜ್ಯಪಾಲರಾದವರು, ಜವಾನರಿಗೆ ಹೊರಡಿಸಿದ ವಿಶೇಷ ಆದೇಶದಲ್ಲಿ ಅಲ್ಲಿನವರು ನಮ್ಮದೇ ದೇಶದ ಜನ, ಅವರನ್ನು ರಕ್ಷಿಸಲು ಹೋಗುತ್ತಿದ್ದೀರಿ ಎಂದು ನೆನಪಿಸಿದರು. ಅವರ ನಂತರ ಕೊಡಗಿನ ಕೆ.ಎಸ್. ತಿಮ್ಮಯ್ಯ ಮುಖ್ಯಸ್ಥರಾಗಿದ್ದಾಗ, 1958ರಲ್ಲಿ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಬಂತು. ಒಂದು ಕೈಯಲ್ಲಿ ಸಂಯಮದ ಆದೇಶ, ಇನ್ನೊಂದರಲ್ಲಿ ಮೊಕದ್ದಮೆಯಿಂದ ರಕ್ಷಣೆ. ಈ ಇಬ್ಬಂದಿ ಇಂದಿಗೂ ಬಗೆಹರಿದಿಲ್ಲ.

ಸುಧಾರಣೆ ನಕಲಾದಾಗ ಏನಾಗುತ್ತದೆಂಬುದನ್ನು ಮಿಜೋ ಗುಡ್ಡಗಳು ತೋರಿಸಿದವು. 1966ರ ಬಂಡಾಯದ ನಂತರ, 1967ರ ಜನವರಿಯಿಂದ, ಹಳ್ಳಿಗಳನ್ನು ಒಟ್ಟುಗೂಡಿಸಿ ರಸ್ತೆ ಬದಿಗೆ ತರಲಾಯಿತು. ಮಲಯಾದಲ್ಲಿ ಜಾಗ ಬದಲಿಸಿದವರಲ್ಲಿ ಅನೇಕರು ಹಕ್ಕುಪತ್ರವಿಲ್ಲದ ಒತ್ತುವರಿದಾರರು. ಅವರಿಗೆ ಹೊಸ ಜಾಗದಲ್ಲಿ ನೆಲ ಸಿಕ್ಕಿತು. ಮಿಜೋ ರೈತನಿಗೆ ಆದದ್ದು ತಾನು ಸರದಿಯ ಮೇಲೆ ಬೇಸಾಯ ಮಾಡುತ್ತಿದ್ದ ಗುಡ್ಡದಿಂದ ದೂರವಾಗುವ ಶಿಕ್ಷೆ. ಶಾಂತಿ ಬಂದದ್ದು 1986ರ ಜೂನ್ 30ರ ಒಪ್ಪಂದದಿಂದ. ಗುಡ್ಡಗಳಲ್ಲಿ ಬಂಡಾಯ ನಡೆಯುತ್ತಿದ್ದಾಗಲೇ ಸೇನೆ ಭಾರೀ ಶಸ್ತ್ರಗಳಿಲ್ಲದ ಹಗುರ ಬಟಾಲಿಯನ್ನುಗಳನ್ನು ಪ್ರಯೋಗಿಸಿ ಕೈಬಿಟ್ಟಿತು. ಪಾಕಿಸ್ತಾನ, ಚೀನಾಗಳ ಗಡಿ ಕಾಯಬೇಕಾದ ಸೇನೆಗೆ ಅಂಥ ತುಕಡಿ ದುಬಾರಿ ಎನಿಸಿತು. ಉಳಿದದ್ದು ಶಾಲೆ. 1970ರಲ್ಲಿ ಮಿಜೋರಾಂನ ವೈರೆಂಗ್ಟೆಯಲ್ಲಿ ನೆಲೆಯಾದ ಪ್ರತಿ ಬಂಡಾಯ ಮತ್ತು ಕಾಡುಯುದ್ಧ ಶಾಲೆ, ಮುಂದೆ 1990ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ಸ್, ಇವೆರಡೇ ಸಂಸ್ಥೆಯ ರೂಪದಲ್ಲಿ ನಿಂತ ಬದಲಾವಣೆಗಳು. ಸಾಗಣೆಯ ಪ್ರಶ್ನೆ ಮಾತ್ರ ಹಳೆಯದೇ, ಎತ್ತಿನ ಜಾಗಕ್ಕೆ ಹೆಲಿಕಾಪ್ಟರ್ ಬಂದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಕಾರ್ಖಾನೆ ಹಗುರ ಹೆಲಿಕಾಪ್ಟರುಗಳಿಗಾಗಿಯೇ ಇದೆ.

2006ರ ಡಿಸೆಂಬರಿನಲ್ಲಿ ಎರಡು ಸೇನೆಗಳು ಹೆಚ್ಚುಕಡಿಮೆ ಒಟ್ಟಿಗೇ ಬಂಡಾಯ ನಿಗ್ರಹದ ಹೊಸ ಕೈಪಿಡಿ ಹೊರತಂದವು. ಭಾರತದ್ದನ್ನು ಶಿಮ್ಲಾದ ಸೇನಾ ತರಬೇತಿ ಕಮಾಂಡ್ ಪ್ರಕಟಿಸಿತು. ಅಮೆರಿಕದ್ದರ ಹಿಂದೆ ಜನರಲ್ ಡೇವಿಡ್ ಪೆಟ್ರೇಯಸ್ ಇದ್ದ. ಕರಡನ್ನು ಚರ್ಚಿಸಲು ಅವನು ಪತ್ರಕರ್ತರನ್ನೂ ಮಾನವ ಹಕ್ಕಿನವರನ್ನೂ ಕರೆಸಿದ್ದು ಚಾಣಾಕ್ಷತನ. ಇಲಾಖೆಯೊಳಗೆ ಒಪ್ಪದವರನ್ನು ಹೊರಗಿನ ಅಭಿಪ್ರಾಯದಿಂದ ಸುತ್ತುವರಿದಂತಾಯಿತು. ಕೆಲವೇ ವಾರಗಳಲ್ಲಿ ಇರಾಕಿನ ಸೇನಾಧಿಪತ್ಯ ಸಿಕ್ಕಿತು. ಪುಸ್ತಕ ಬರೆದವನೇ ಅದನ್ನು ಜಾರಿಗೊಳಿಸುವ ಅವಕಾಶ ಅಪರೂಪ. ಅಫ್ಘಾನಿಸ್ತಾನದಲ್ಲಿ ಅದೇ ಪುಸ್ತಕ ಕೈಕೊಟ್ಟಿತು. ಜನ ನಂಬಬಹುದಾದ ಸರ್ಕಾರವೊಂದು ಇದೆ ಎಂಬುದು ಪುಸ್ತಕದ ಊಹೆ. ಕಾಬೂಲಿನಲ್ಲಿ ಅದು ಇರಲಿಲ್ಲ.

ಕರ್ನಾಟಕದಲ್ಲಿ ಇಂಥ ಕೆಲಸ ಬಿದ್ದದ್ದು ಸೇನೆಯ ಮೇಲಲ್ಲ, ಪೊಲೀಸರ ಮೇಲೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಭಯದಲ್ಲಿ ಮಲೆನಾಡಿನ ನಕ್ಸಲ್ ಚಳವಳಿ ಬೇರುಬಿಟ್ಟಿತ್ತು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಅದರ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಿನಲ್ಲಿ ಸತ್ತ. ನಾಲ್ಕು ದಿನ ಕಳೆದು, ಮಲೆನಾಡಿನಿಂದ ಬಹುದೂರದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ರಾತ್ರಿ ಹೊತ್ತು ಕೆಎಸ್‌ಆರ್‌ಪಿ ಶಿಬಿರದ ಮೇಲೆ ದಾಳಿಯಾಗಿ ಪೊಲೀಸರು ಹತರಾದರು. ಮೂರು ಕಡೆ ಆಂಧ್ರ ಸುತ್ತುವರಿದ ಬರಸೀಮೆಯ ತಾಲ್ಲೂಕಿಗೆ, ಕಾನೂನು ಸುವ್ಯವಸ್ಥೆಯ ತರಬೇತಿಯಷ್ಟೇ ಇದ್ದ ತುಕಡಿಯನ್ನು ಕಳಿಸಿ ಕೂರಿಸಿದ್ದು ಹಳೆಯ ಬುದ್ಧಿ. ಗಡಿಯಾಚೆ ಕೆ.ಎಸ್. ವ್ಯಾಸ್ 1989ರಲ್ಲೇ ಗ್ರೇಹೌಂಡ್ಸ್ ಕಟ್ಟಿ, ಸಣ್ಣ ತಂಡ, ಕಠಿಣ ತರಬೇತಿ, ಹೆಚ್ಚುವರಿ ಭತ್ಯೆಯ ಮಾದರಿ ತೋರಿಸಿದ್ದರು. ಆ ಬಗೆಯ ನಕ್ಸಲ್ ನಿಗ್ರಹ ಪಡೆ ಕರ್ನಾಟಕದಲ್ಲಿ ಕಾರ್ಕಳವನ್ನು ಕೇಂದ್ರವಾಗಿಸಿಕೊಂಡು ಬೆಳೆಯಿತು.

ಇನ್ನೊಂದು ದಾರಿಯನ್ನು ತೆರೆದವರು ಸಮವಸ್ತ್ರವಿಲ್ಲದವರು. ಗೌರಿ ಲಂಕೇಶ್, ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ ಮಧ್ಯೆ ನಿಂತು ಮಾತಾಡಿದ್ದರಿಂದ 2014ರ ಡಿಸೆಂಬರಿನಲ್ಲಿ ಭೂಗತರಾಗಿದ್ದ ನಕ್ಸಲ್ ನಾಯಕರಾದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಬಹಿರಂಗ ಬದುಕಿಗೆ ಬಂದರು. 2024ರ ನವೆಂಬರಿನಲ್ಲಿ ಹೆಬ್ರಿ ಬಳಿಯ ಕಬ್ಬಿನಾಲೆ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರಿನಲ್ಲಿ ಸತ್ತಾಗ ಹಳೆಯ ದಾರಿಯೇ ಗೆದ್ದಂತೆ ಕಂಡಿತು. ಆದರೆ 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಮುಖ್ಯಮಂತ್ರಿಯ ಎದುರು ಶರಣಾದರು; ಬಂಜಗೆರೆ ಜಯಪ್ರಕಾಶ್ ಮೊದಲಾದವರಿದ್ದ ಸಮಿತಿ ಮಾತುಕತೆ ನಡೆಸಿತ್ತು. ಫೆಬ್ರವರಿಯಲ್ಲಿ ಉಳಿದಿಬ್ಬರೂ ಬಂದರು. ಶರಣಾದವರ ಬೇಡಿಕೆಗಳಲ್ಲಿ ವಿಕ್ರಂ ಗೌಡನ ಸಾವಿನ ತನಿಖೆ, ಕಾಡಂಚಿನ ಕುಟುಂಬಗಳ ಭೂಮಿಯ ಹಕ್ಕು, ಮೊಕದ್ದಮೆಗಳ ಶೀಘ್ರ ವಿಲೇವಾರಿ ಸೇರಿದ್ದವು. ಇವು ಕಂದಾಯ, ಅರಣ್ಯ ಇಲಾಖೆಗಳ ಮತ್ತು ನ್ಯಾಯಾಲಯದ ಕೆಲಸ. ನಿಗ್ರಹ ಪಡೆಗೆ ಬೆನ್ನಟ್ಟಲು ಯಾರೂ ಉಳಿಯಲಿಲ್ಲ. 2025ರ ಜೂನಿನಲ್ಲಿ ಅದರ ಸಿಬ್ಬಂದಿಯಲ್ಲಿ 248 ಮಂದಿಯನ್ನು ತೆಗೆದು, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳ ಕೋಮು ಹಿಂಸೆ ತಡೆಯಲು ವಿಶೇಷ ಕಾರ್ಯಪಡೆಯನ್ನು ರಚಿಸಲಾಯಿತು.